ಮೊದಲು ನಿಂತ ಸ್ಥಳ

ಹಾಸನದ ಕಚೇರಿಯಲ್ಲಿ ನನ್ನ ಕೆಲಸ ಬಣ್ಣ ತುಂಬುವುದು.
ಎಂಟು ತಾಲ್ಲೂಕು, ಐದು ವರ್ಷ, ಒಂದೇ ಕಾಯಿಲೆ.
ಹೆಚ್ಚು ಸತ್ತಲ್ಲಿ ಕುಂಕುಮಗೆಂಪು,
ಕಡಿಮೆ ಸತ್ತಲ್ಲಿ ಸೀಬೆಹಣ್ಣಿನ ಒಳಗಿನ ಬಣ್ಣ.
ಪ್ರಿಂಟರಿನಲ್ಲಿ ಕೆಂಪು ಮುಗಿಯುತ್ತ ಬಂದಿತ್ತು,
ಅರಕಲಗೂಡು ಅರ್ಧಕ್ಕೇ ತೆಳುವಾಯಿತು.
"ಬಿಡಮ್ಮ, ಅಷ್ಟು ಜನ ಬದುಕಿಕೊಂಡರು" ಅಂದರು ಮೂರ್ತಾಚಾರ್.
ನಕ್ಕೆವು. ಆಮೇಲೆ ನಗಲಿಲ್ಲ.

ಅರಕಲಗೂಡಿನ ಕೆಂಪಿಗೆ ಎಲ್ಲರ ಬಳಿಯೂ ಕಾರಣವಿದೆ:
ಹೊಗೆಸೊಪ್ಪು, ಬ್ಯಾರನ್ನು, ಬೇಯಿಸುವ ರಾತ್ರಿಗಳು.
ಇರಬಹುದು.
ಆದರೆ ಅಲ್ಲೊಬ್ಬಳು ನರ್ಸು, ಫಿಲೋಮಿನಾ,
ಜ್ವರಕ್ಕೆ ಬಂದವರನ್ನೂ ಆ ಅನ್ನಿಸಿ ಟಾರ್ಚು ಬಿಡುತ್ತಾಳೆ,
ಹುಣ್ಣು ಎಂದು ಬರೆದು ಕೈತೊಳೆಯುವುದಿಲ್ಲ.
ಅವಳು ಬರೆದ ಹೆಸರು ನನ್ನ ಮೇಜಿಗೆ ಬಂದು ಕೆಂಪಾಗುತ್ತದೆ.

ಆಲೂರು ತಿಳಿ. ಸಭೆಯಲ್ಲಿ ಆಲೂರಿಗೆ ಶಹಬಾಸ್.
ಒಂದು ಗುರುವಾರ ಮರಣದ ಪಟ್ಟಿ ಹಿಡಿದು ಆ ಕಡೆ ಹೋದೆ.
ಮೊದಲ ಮನೆ: "ಗೆಡ್ಡೆ ಆಗಿತ್ತು ಕಣವ್ವ, ಹೊಟ್ಟೇಲಿ."
ಜಗಲಿ ತುಂಬ ಆಲೂಗೆಡ್ಡೆ ಹರವಿತ್ತು,
ಮೊಳೆತದ್ದನ್ನು ಬೇರೆ ಮಾಡುತ್ತಿದ್ದ ಹುಡುಗ
ಕೈ ನಿಲ್ಲಿಸಿ ನನ್ನನ್ನೇ ನೋಡಿದ.
ಪಟ್ಟಿಯಲ್ಲಿ: ಹೊಟ್ಟೆನೋವು.
ಎರಡನೆಯ ಮನೆ: "ವಯಸ್ಸಾಗಿತ್ತು."
ಎಷ್ಟು?
"ನಲವತ್ತೇಳು."

ಮೂರನೆಯದು ಜವರಯ್ಯನ ಮನೆ. ಹೆಂಡತಿ ದ್ಯಾವೀರಮ್ಮ.
ಪಟ್ಟಿಯಲ್ಲಿ: ಎದೆನೋವು.
ಹೃದಯದ ಕಾಲಮ್ಮಿಗೆ ಅವಳನ್ನು ಸೇರಿಸಿದವಳು ನಾನೇ.
"ಹಾರ್ಟೇ?" ಅಂದೆ.
ಅವನು ಅಂಗಿಯ ಜೇಬು ಮುಟ್ಟಿದ, ಬೀಡಿಕಟ್ಟು ಇದ್ದ ಜಾಗ.
"ಇಲ್ಲಿ. ಕಲ್ಲಿದ್ದಂಗೆ.
ಎರಡು ವರ್ಷ ನನ್ನ ಮುಂದೂ ಸೆರಗು ಸರಿಸಲಿಲ್ಲ.
ಎದೆ ನೋಯ್ತದೆ ಅಂದ್ಲು. ಅದನ್ನೇ ಬರೆಸಿದೆ.
ಸುಳ್ಳೇನಲ್ಲವಲ್ಲ."
ಅಲ್ಲ.
ನಮಗಿರುವುದು ಒಂದೇ ಮಾತು, ಎದೆ,
ಹಾಲೂಡುವುದಕ್ಕೂ, ಎದುರು ನಿಲ್ಲುವುದಕ್ಕೂ, ಬಡಿಯುತ್ತಲೇ ಇರುವುದಕ್ಕೂ.
ನನ್ನ ತಃಖ್ತೆಯಲ್ಲಿ ಮಾತ್ರ ಅವಕ್ಕೆ ಬೇರೆ ಬೇರೆ ಸಂಖ್ಯೆ.

ಇನ್ನು ಸೆಲ್ವರಾಣಿ, ಸಕಲೇಶಪುರದ ತೋಟದ ಲೈನಿನವಳು.
ಮಂಗಳೂರಿನ ಆಸ್ಪತ್ರೆಯವರು
ಮನೆಗೆ ಕರಕೊಂಡು ಹೋಗಿ ಅಂದಿದ್ದರು.
ನೆಲ್ಯಾಡಿ ದಾಟಿದ ಮೇಲೆ ಎಲ್ಲೋ ಉಸಿರು ನಿಂತಿದೆ.
ಎಲ್ಲಿ ಎಂದು ಮಗನಿಗೆ ಗೊತ್ತಿಲ್ಲ. ಕಾನೂನಿಗೆ ಗೊತ್ತು:
ಓಡುವ ಗಾಡಿಯಲ್ಲಿ ಸತ್ತರೆ
ಗಾಡಿ ಮೊದಲು ನಿಂತ ಸ್ಥಳವೇ ಸತ್ತ ಸ್ಥಳ.
ಡ್ರೈವರ್ ಅಶ್ರಫ್ ಯಾವಾಗಲೂ ಗುಂಡ್ಯದಲ್ಲಿ ಚಹಕ್ಕೆ ನಿಲ್ಲಿಸುವವನು,
ಅವತ್ತು ನಿಲ್ಲಿಸಲಿಲ್ಲ.
ಕೆಂಪುಹೊಳೆ ದಾಟಿಸಿ, ತಿರುವು ತಿರುವೂ ಹತ್ತಿಸಿ,
ದೋಣಿಗಾಲಿಗೆ ಬಂದು ಬ್ರೇಕು ಒತ್ತಿದ.
"ಅವರ ಜಿಲ್ಲೆಗೆ ಮುಟ್ಟಿಸಿದೆ ಮೇಡಂ" ಅಂದ ಫೋನಿನಲ್ಲಿ,
"ಅಷ್ಟಾದರೂ."
ಒಬ್ಬ ಚಹ ಕುಡಿಯದೆ ಬಂದದ್ದರಿಂದ
ನಮ್ಮ ಗೆರೆ ಒಂದು ಎಳೆಯಷ್ಟು ಮೇಲೇರಿದೆ.
ನೆರೆಯ ಜಿಲ್ಲೆಯದು ಅಷ್ಟೇ ಇಳಿದಿರಬೇಕು.
ಅಲ್ಲಿಯ ಗುಮಾಸ್ತರು ಯಾರೋ, ಏನು ಕಾರಣ ಕೊಟ್ಟರೋ.

ಈಗ ಆಲೂರಿಗೆ ತಪಾಸಣೆಯ ಬಸ್ಸು ಬರುತ್ತದಂತೆ,
ಪರದೆ ಕಟ್ಟಿದ್ದು, ಒಳಗೆ ನೋಡುವವರೂ ಹೆಂಗಸರೇ.
ಬರುವ ವರ್ಷ ಆಲೂರು ಕೆಂಪಾಗುತ್ತದೆ.
ಸಾಹೇಬರು ಕೇಳುತ್ತಾರೆ:
ಹೋದ ಸಲ ಇರಲಿಲ್ಲ, ಈ ಸಲ ಯಾಕೆ? ಒಂದೇ ಸಾಲಿನಲ್ಲಿ ಬರಿ.
ಆ ಸಾಲನ್ನು ಈಗಲೇ ಮೂರು ಸಲ ಬರೆದು ಹೊಡೆದುಹಾಕಿದ್ದೇನೆ.
ಕೆಂಪು ಟೋನರ್ ಎರಡು ಬೇಕೆಂದು ಇಂಡೆಂಟ್ ಮಾತ್ರ ಕಳಿಸಿದೆ.

ಬಸ್ಸಿನ ಪಟ್ಟಿಯಲ್ಲಿ ಮೊದಲ ಹೆಸರು ಜವರಯ್ಯನ ಮಗಳದು.
ಅದರ ಕೆಳಗೆ ನನ್ನದು ಬರೆದೆ.
ವಯಸ್ಸು ಎಂದಿದ್ದ ಕಡೆ
ಎರಡು ವರ್ಷ ಕಡಿಮೆ.